ಮೀನು ಹಿಡಿಯಬಾರದ ತಿಂಗಳಲ್ಲಿ

ಚಿಂಬೋತೆಯಲ್ಲಿ ಒಗೆದು ಒಣಹಾಕಿದ ಬಟ್ಟೆಗೂ ಮೀನಿನ ಹಿಟ್ಟಿನ ವಾಸನೆ.
ನಿಷೇಧದ ತಿಂಗಳು ಮಾತ್ರ ಗಾಳಿ ಬರೀ ಗಾಳಿ.
ದೋಣಿಗಳು ಹಗ್ಗ ಕಚ್ಚಿಕೊಂಡು ತೂಕಡಿಸುತ್ತವೆ,
ದೋಣಿಯವರು ನನ್ನ ಅಂಗಡಿಗೆ ಬರುತ್ತಾರೆ.

ಹನ್ನೊಂದು ಕಂಪ್ಯೂಟರು, ಒಂಬತ್ತಕ್ಕೆ ಜೀವವಿದೆ.
ಗಂಟೆಗೆ ಒಂದೂವರೆ ಸೋಲ್.
'ಸಾಲ ಇಲ್ಲ' ಎಂದು ಬರೆದು ಅಂಟಿಸಿದ್ದೇನೆ,
ಅದರ ಕೆಳಗೇ ಸಾಲದ ಪುಸ್ತಕ.

ಆ ಐವರು ಬಂದದ್ದು ಮಂಗಳವಾರ.
ಮುಂದೆ ನಿಕನೋರ್, ನೆಲದ ಮೇಲೂ ಕ್ಯಾಪ್ಟನ್ನನ ನಡಿಗೆ.
"ಹುಡುಗರು ಕೂಗಾಡ್ಕೊಂಡು ಆಡ್ತಾರಲ್ಲ,
ಈ ಕಡೆ ಐದು ಜನ, ಆ ಕಡೆ ಐದು ಜನ,
ಅಂಥದ್ದೊಂದು ಬೇಕು, ಫ್ರೆದೆಸ್ವಿಂದಾ. ಯಾವುದು ಒಳ್ಳೇದು?"

ಒಳ್ಳೇದು ಅಂದರೆ ಏನು ಹೇಳಲಿ?
ಚಪ್ಪಲಿ ಮಾರುವವಳಾಗಿದ್ದರೆ ಕಾಲು ನೋಡುತ್ತಿದ್ದೆ.
ಕೈ ನೋಡಿದೆ.

ಎಲೆಯುತೇರಿಯೋನ ಎಡಗೈಯಲ್ಲಿ ಬೆರಳು ಮೂರೇ,
ಉಳಿದೆರಡು ಬಲೆ ಎಳೆಯುವ ರಾಟೆಯ ಪಾಲು.
ಅಡುಗೆಯ ಹಿಲಾರಿಯೋನ ಕಣ್ಣಿಗೆ ಪೊರೆ.
ಇಂಜಿನ್ ನೋಡಿಕೊಳ್ಳುವ ಕಸಿಮಿರೋಗೆ
ಬಲಗಿವಿ ಇರುವುದು ಸಿಗರೇಟು ಸಿಕ್ಕಿಸಲು ಮಾತ್ರ.
ವಿಲ್ಮೆರ್,
ಎಲ್ಲವೂ ನೆಟ್ಟಗಿದ್ದವನು,
ಬಾಗಿಲಲ್ಲೇ ನಿಂತಿದ್ದ.

ಬೀದಿಗೆಲ್ಲ ಗೊತ್ತು. ಹೋದ ಸಲ ಸುಗ್ಗಿಯ ನಡುವೆ
ಇವರನ್ನು ಬಿಟ್ಟು ಇನ್ನೊಂದು ದೋಣಿ ಹತ್ತಿದ.
ಅಲ್ಲಿ ಬಲೆ ಹರಿಯುವಷ್ಟು ಮೀನು,
ಇಲ್ಲಿ ಎಳೆಯಲು ಒಂದು ಕೈ ಕಮ್ಮಿ.
ಎಲೆಯುತೇರಿಯೋನ ಬೆರಳು ಹೋದದ್ದು ಅದೇ ವಾರ.
ಅದಕ್ಕೂ ಇದಕ್ಕೂ ಗಂಟು ಹಾಕಿ
ಯಾರೂ ಮಾತಾಡಿಲ್ಲ, ಇನ್ನೂ.

ಮೂರು ಆಟ ತೋರಿಸಿದೆ.
ಮೊದಲನೆಯದು ಚೆಂದವೋ ಚೆಂದ, ಎಲೆ ಎಲೆಗೂ ಇಬ್ಬನಿ.
ಅದನ್ನು ಹೊರಲಾರದೆ ನನ್ನ ಯಂತ್ರಗಳು ಏದುಸಿರು ಬಿಟ್ಟವು,
ಕತ್ತಿ ಎತ್ತಿದವನು ಎತ್ತಿದ ಹಾಗೇ ನಿಂತ.
ಎರಡನೆಯದು ಹತ್ತೇ ನಿಮಿಷಕ್ಕೆ ಮುಗಿಯಿತು.
"ಇದೇನು, ಬಲೆ ಬಿಡೋ ಮೊದಲೇ ಮನೆಗೆ?" ಅಂದ ನಿಕನೋರ್.

ಮೂರನೆಯದು ಹಳೆಯದು, ಮೊಂಡು, ಮಣ್ಣು ಬಣ್ಣ.
ನಲವತ್ತು ನಿಮಿಷ, ಹಟ ಹಿಡಿದರೆ ಗಂಟೆ.
ಮೂರು ದಾರಿ, ನಡುವೆ ಕಾಡು,
ಕಾಡೊಳಗೆ ನಿಜವಾದ ಕತ್ತಲೆ.
ಅದರಲ್ಲೊಬ್ಬಳು ಮುದುಕಿ ಇದ್ದಾಳೆ.
ಕೊಲ್ಲುವುದು ಅವಳಿಗೆ ಸರಿಯಾಗಿ ಬಾರದು,
ಅಲ್ಲೊಂದು ಇಲ್ಲೊಂದು ದೀಪ ನೆಟ್ಟು ಬರುತ್ತಾಳೆ, ಅಷ್ಟೇ.
ಎರಡು ಕೀಲಿ ಸಾಕು ಅವಳಿಗೆ.
"ಇವಳು ನನ್ನವಳು," ಎಲೆಯುತೇರಿಯೋ ಕೈ ಚಾಚಿದ,
"ಒಂದು ಬೆರಳು ಮಿಕ್ಕಿತು ನೋಡು!"
ಮಿಕ್ಕಿದ್ದನ್ನು ಕುಣಿಸಿ ತೋರಿಸಿದ.

ನಿಕನೋರ್ ನಗಲಿಲ್ಲ. ಪರದೆಯನ್ನೇ ನೋಡುತ್ತ ಕೇಳಿದ,
"ನಡುವೆ ಬಿಟ್ಟು ಹೋದವನಿಗೆ ಏನು ಮಾಡ್ತಾರೆ?"

ಫ್ಯಾನು ಮೂರು ಸುತ್ತು ತಿರುಗಿತು.
"ದಂಡ ಇದೆ," ಅಂದೆ. "ಬಿಟ್ಟವರನ್ನೆಲ್ಲ ಒಂದು ಕಡೆ ಹಾಕ್ತಾರೆ,
ಅವರವರೇ ಆಡಿಕೊಂಡು ಸಾಯಲಿ ಅಂತ."

ಬಾಗಿಲ ಕಡೆಯಿಂದ: "ವಾಪಸ್ ಬರೋಕೆ ಆಗುತ್ತಾ?"

ಆಗುತ್ತೆ. ಆಟ ಮುಗಿಯೋದರೊಳಗೆ.
ಅಲ್ಲಿವರೆಗೆ ಅವನ ಗೊಂಬೆ
ಕೋಟೆಯೊಳಗೆ ಸುಮ್ಮನೆ ನಿಂತಿರುತ್ತೆ.

"ಇದನ್ನೇ ಹಾಕು," ಅಂದ ನಿಕನೋರ್,
ಯಾವ ಮಾತಿಗೆ ಅಂದನೋ.

ಮೊದಲ ಆಟ ಸೋತರು. ಎರಡನೆಯದರಲ್ಲಿ ಹಿಲಾರಿಯೋ
ತನ್ನ ನೆರಳನ್ನೇ ಶತ್ರು ಎಂದು ಅಟ್ಟಿಸಿಕೊಂಡು ಹೋಗಿ
ಇನ್ನೂ ಬೇಗ ಸೋತರು.
ಮೂರನೆಯದರಲ್ಲಿ, ಗೆಲ್ಲಲೂಬಹುದೇನೋ ಅನ್ನುವಾಗ,
ಇಡೀ ಬೀದಿಯ ಕರೆಂಟು ಹೋಯಿತು.

ಕತ್ತಲಲ್ಲಿ ಐದು ಉಸಿರು. ಆಚೆ ಸಮುದ್ರ.
ಅಷ್ಟು ಹತ್ತಿರ ಇದೆ ಎಂದು ಮರೆತೇಹೋಗಿತ್ತು.

ದೀಪ ಬಂದು, ಯಂತ್ರಗಳು ಗೊರಗೊರ ಎದ್ದಾಗ
ಐದು ಪರದೆಗೂ ಒಂದೇ ಗುಂಡಿ: ಮರಳಿ ಸೇರು.
ನಾಲ್ವರು ಒತ್ತಿದರು.
ವಿಲ್ಮೆರ್‌ನ ಕೈ ಮೌಸಿನ ಮೇಲೆ, ಬರೀ ಮೇಲೆ.

"ಒತ್ತೋ ಮಾರಾಯ," ಎಲೆಯುತೇರಿಯೋ ತಿರುಗಿ ನೋಡಲಿಲ್ಲ,
"ನಾನೊಬ್ಬನೇ ಎಷ್ಟೂಂತ ದೀಪ ಇಡಲಿ?
ಬೆಳಕಲ್ಲಿ ಬಡಿಯೋಕೆ ಯಾರಾದರೂ ಬೇಡವಾ?"

ಕೋಟೆ ಆಗಲೇ ಅರ್ಧ ಉರಿದಿತ್ತು.
ನಾನು ಪುಸ್ತಕ ತೆಗೆದು
ಕತ್ತಲಿದ್ದ ಏಳು ನಿಮಿಷವನ್ನು
ಐವರ ಲೆಕ್ಕದಿಂದಲೂ ಕಳೆದೆ.